ಒಂದು ದಿನ ಅಂದರೆ ಎಷ್ಟು ಗಂಟೆ?

ಹೋದ ಕಂತಿನಲ್ಲಿ ಟೆಕ್ಸಸ್ಸಿನ ರಸ್ತೆಗಳ ಬಗ್ಗೆ ಮಾತಾಡ್ತಾ, ನಾವು ನಾಲ್ಕು ಜನ ಗೆಳೆಯರು ಒಂದೇ ದಿನದಲ್ಲಿ ಸಾವಿರ ಮೈಲಿ ಬೈಕ್ ಓಡಿಸೋಕೆ ಹೊರಟಿದ್ದನ್ನ ಹೇಳಿ, ಸಮಯ ಆಗೋಯ್ತು ಅಂತ ಅರ್ಧಕ್ಕೇ ನಿಲ್ಲಿಸಿದ್ದೆ. ಕೆಲವರು "ಆಮೇಲೆ ಏನಾಯ್ತು?" ಅಂತ ಕೇಳಿದಿರಿ. ಇನ್ನು ಕೆಲವರು "ಯಾಕೆ ಹೋದ್ರಿ?" ಅಂತ ಕೇಳಿದಿರಿ. ಎರಡನೇ ಪ್ರಶ್ನೆ ದೊಡ್ಡದು. ಅದಕ್ಕೆ ಉತ್ತರ ಹುಡುಕ್ತಾ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯ್ತು. ಆಮೇಲೆ ಮೈಸೂರಿಗೂ ಹೋಗಬೇಕಾಯ್ತು.

ಮೊದಲು ಮೈಸೂರು. ನನ್ನ ಸೋದರಮಾವ, ಅಂದರೆ ಅಮ್ಮನ ತಮ್ಮ (ಇಲ್ಲಿ ಹುಟ್ಟಿ ಕನ್ನಡ ಕಲೀತಿರೋ ಮಕ್ಕಳೇ, ನೀವು ಎಲ್ಲರನ್ನೂ 'ಅಂಕಲ್' ಅಂದುಬಿಡ್ತೀರಿ, ಕನ್ನಡದಲ್ಲಿ ಅಮ್ಮನ ಕಡೆಯವರಿಗೊಂದು ಹೆಸರು, ಅಪ್ಪನ ಕಡೆಯವರಿಗೆ ಇನ್ನೊಂದು), ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1971ರ ಬೇಸಿಗೆಯಲ್ಲಿ ಅವರೂ ಅವರ ಗೆಳೆಯರೂ ಮೈಸೂರಿಂದ ಬೊಂಬಾಯಿಗೆ ಜಾವಾದಲ್ಲಿ "ಒಂದೇ ದಿನದಲ್ಲಿ" ಹೋಗಿದ್ರಂತೆ. ಮದುವೆ ಮನೆ, ಗೃಹಪ್ರವೇಶ, ಎಲ್ಲಿ ಹೋದರೂ ಊಟ ಆಗಿ ಎಲೆ ಅಡಿಕೆ ಬರೋ ಹೊತ್ತಿಗೆ ಈ ಕತೆ ಬರ್ತಿತ್ತು. ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗ್ತಿದ್ವಿ.

ನಾನು ಎಂಜಿನಿಯರಿಂಗ್ ಸೇರಿದ ವರ್ಷ, ಹೊಸದಾಗಿ ಬುದ್ಧಿ ಬಂದಿತ್ತಲ್ಲ, ಒಂದು ಹಾಳೆ ಪೆನ್ಸಿಲ್ ತಗೊಂಡು ಎಲ್ಲರ ಮುಂದೆ ಲೆಕ್ಕ ಹಾಕಿದೆ. ಮೈಸೂರಿಂದ ಬೆಂಗಳೂರು, ಅಲ್ಲಿಂದ ಪುಣೆ, ಅಲ್ಲಿಂದ ಬೊಂಬಾಯಿ. ಸಾವಿರದ ನೂರು ಕಿಲೋಮೀಟರ್ ದಾಟುತ್ತೆ. ಆಗಿನ ರಸ್ತೆ, ಆಗಿನ ಬೈಕು, ಆಗೋ ಮಾತಲ್ಲ ಮಾವ, ಅಂದೆ. ಅವರು ಹಾಳೆ ನೋಡಿದರು. "ಬೆಂಗಳೂರಿಗೆ ಯಾಕೆ ಹೋಗ್ಬೇಕು?" ಅಂತ ಒಂದೇ ಮಾತು ಅಂದು ಕೈ ತೊಳೆಯೋಕೆ ಎದ್ದು ಹೋದರು. ಆಮೇಲೆ ನನ್ನ ಮುಂದೆ ಆ ಕತೆ ಹೇಳಲಿಲ್ಲ. ಆ ಒಂದು ಮಾತಿನ ತೂಕ ನನಗೆ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ. ಅದಕ್ಕೆ ಆಮೇಲೆ ಬರ್ತೀನಿ.

ಈಗ ಅಮೆರಿಕ. ಇಲ್ಲಿ 'ಐರನ್ ಬಟ್ ಅಸೋಸಿಯೇಷನ್' ಅಂತ ಒಂದು ಸಂಘ ಇದೆ. ಕನ್ನಡಕ್ಕೆ ತಂದರೆ 'ಕಬ್ಬಿಣದ ಅಂಡಿನವರ ಸಂಘ'. ನಗಬೇಡಿ, ಅವರೇ ಇಟ್ಟುಕೊಂಡ ಹೆಸರು. ಅವರ ಮೊದಲ ಮೆಟ್ಟಿಲು 'ಸ್ಯಾಡಲ್‌ಸೋರ್ 1000': ಇಪ್ಪತ್ತನಾಲ್ಕು ಗಂಟೆಯೊಳಗೆ ಸಾವಿರ ಮೈಲಿ, ಅಂದರೆ 1,609 ಕಿಲೋಮೀಟರ್. ಇದು ರೇಸ್ ಅಲ್ಲ. ಮೊದಲು ಬಂದವರಿಗೆ ಬಹುಮಾನ ಇಲ್ಲ. ಗಂಟೆಗೆ ಸರಾಸರಿ 42 ಮೈಲಿ ಬಂದರೆ ಸಾಕು, ನಿಮ್ಮ ಅಮ್ಮ ಕಾರಲ್ಲಿ ತರಕಾರಿ ತರೋಕೆ ಹೋಗೋ ವೇಗ. ಕಷ್ಟ ಇರೋದು ವೇಗದಲ್ಲಲ್ಲ, ನಿಲ್ಲದೆ ಇರೋದರಲ್ಲಿ. ಒಂದು ಕಾಫಿಗೆ ಅಂತ ನಿಂತು ಇಪ್ಪತ್ತು ನಿಮಿಷ ಹರಟಿದರೆ, ಆ ಇಪ್ಪತ್ತು ನಿಮಿಷವನ್ನು ರಸ್ತೆ ವಾಪಸ್ ಕೊಡೋದಿಲ್ಲ.

ಇದಕ್ಕೆ ಸಾಕ್ಷಿ ಬೇಕು. ಹೊರಟ ಹೊತ್ತಿನ ರಸೀದಿ, ದಾರಿಯ ಪ್ರತಿ ಪೆಟ್ರೋಲ್ ರಸೀದಿ, ಮೈಲಿ ಮೀಟರಿನ ಲೆಕ್ಕ. ಎಲ್ಲ ಕಳಿಸಿದರೆ ಅವರು ಕೂತು ಪರಿಶೀಲಿಸಿ ಒಂದು ಸರ್ಟಿಫಿಕೇಟ್ ಕೊಡ್ತಾರೆ. ನನಗೆ ಈ ಭಾಗ ತುಂಬಾ ಇಷ್ಟ ಆಯ್ತು. ಮಾವನ ಕತೆಯಲ್ಲಿ ಇಲ್ಲದ್ದು ಇದೇ ತಾನೆ?

ಹಾಗಾದರೆ ಮನುಷ್ಯ ಮೋಟರ್‌ಸೈಕಲ್ ಮೇಲೆ ಕೂತು ಎಷ್ಟು ದೂರ ಹೋಗಬಲ್ಲೆ ಅಂತ ಯಾವಾಗ ಕೇಳಿಕೊಂಡ? ಮೋಟರ್‌ಸೈಕಲ್ ಹುಟ್ಟಿದ ಕೂಡಲೇ. 1903ರ ಮೇ 16ರಂದು ಜಾರ್ಜ್ ವೈಮನ್ ಅನ್ನುವ ಸೈಕಲ್ ಪಂದ್ಯದ ಹುಡುಗ ಸ್ಯಾನ್ ಫ್ರಾನ್ಸಿಸ್ಕೋದ ಲೊಟ್ಟಾಸ್ ಫೌಂಟನ್ ಮುಂದೆ ತನ್ನ ಗಾಡಿ ಹತ್ತಿದ. ಗಾಡಿ ಅಂದರೆ ಏನು? ಒಂದು ದಪ್ಪ ಸೈಕಲ್ಲಿಗೆ 200 ಸಿಸಿಯ ಎಂಜಿನ್, ಒಂದೂಕಾಲು ಹಾರ್ಸ್‌ಪವರ್, ಚಕ್ರಕ್ಕೆ ಶಕ್ತಿ ಮುಟ್ಟಿಸೋಕೆ ಚರ್ಮದ ಬೆಲ್ಟು. ಪೆಡಲ್ ಹಾಗೇ ಇತ್ತು. ನಿಮ್ಮ ಮನೆಯ ಹುಲ್ಲು ಕತ್ತರಿಸೋ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತೆ.

ರಸ್ತೆ ಇರಲಿಲ್ಲ. ಕೆಟ್ಟ ರಸ್ತೆ ಇತ್ತು ಅಂತಲ್ಲ, ಬಹಳ ಕಡೆ ರಸ್ತೆಯೇ ಇರಲಿಲ್ಲ. ಆದ್ದರಿಂದ ವೈಮನ್ ರೈಲು ಹಳಿಯ ಮಧ್ಯೆ, ಮರದ ದಿಮ್ಮಿಗಳ ಮೇಲೆ ದಡದಡ ಅಂತ ಓಡಿಸಿಕೊಂಡು ಹೋದ. ಸಿಯೆರಾ ನೆವಾಡಾ ಬೆಟ್ಟದಲ್ಲಿ ಹಿಮ ಬೀಳದಂತೆ ರೈಲು ಹಳಿಗೆ ಕಟ್ಟಿದ್ದ ಮರದ ಚಾವಣಿಗಳ ಕತ್ತಲಲ್ಲಿ ಗಾಡಿ ನೂಕಿಕೊಂಡು ನಡೆದ. ಕೊನೆಗೆ ಆಲ್ಬನಿ ಹತ್ತಿರ ಎಂಜಿನ್ನೇ ಕೈ ಕೊಟ್ಟಿತು. ನ್ಯೂಯಾರ್ಕಿಗೆ ಇನ್ನೂ ಸುಮಾರು 150 ಮೈಲಿ. ಏನು ಮಾಡಿದ ಗೊತ್ತಾ? ಪೆಡಲ್ ತುಳಿದ. ಜುಲೈ 6ಕ್ಕೆ ನ್ಯೂಯಾರ್ಕ್ ಮುಟ್ಟಿದ. 50 ದಿನ.

ಎಂಜಿನ್ ಇರೋ ಗಾಡಿಯಲ್ಲಿ ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ದಾಟಿದ ಮೊದಲ ಮನುಷ್ಯ ಅವನು. ಆದರೆ ನೀವು ಶಾಲೆಯಲ್ಲಿ ಓದಿದ್ದು ಅವನ ಹೆಸರಲ್ಲ. ಇಪ್ಪತ್ತು ದಿನ ತಡವಾಗಿ, ಜುಲೈ 26ಕ್ಕೆ, ಹೊರೇಶಿಯೊ ನೆಲ್ಸನ್ ಜಾಕ್ಸನ್ ಅನ್ನುವ ಡಾಕ್ಟರು ಕಾರಿನಲ್ಲಿ ನ್ಯೂಯಾರ್ಕಿಗೆ ಬಂದರು. ಜೊತೆಗೆ ಒಬ್ಬ ಮೆಕ್ಯಾನಿಕ್, ಮತ್ತು ಕನ್ನಡಕ ಹಾಕಿಕೊಂಡ ಬಡ್ ಅನ್ನೋ ನಾಯಿ. ಹೆಸರು ಬಂದದ್ದು ಡಾಕ್ಟರಿಗೆ, ನಾಯಿಗೆ. ಒಬ್ಬನೇ ಹೋದವನಿಗೆ ಸಾಕ್ಷಿ ಹೇಳುವವರು ಕಡಿಮೆ. ವೈಮನ್ ಪ್ರಯಾಣದ ಬಗ್ಗೆ ಒಂದು ಮೋಟರ್‌ಸೈಕಲ್ ಪತ್ರಿಕೆಗೆ ಬರೆದಿದ್ದರಿಂದ ಇಷ್ಟಾದರೂ ನಮಗೆ ಉಳಿದಿದೆ.

ಇಲ್ಲೊಂದು ತಮಾಷೆ ಇದೆ. 1919ರಲ್ಲಿ ಅಮೆರಿಕದ ಸೈನ್ಯ ವಾಷಿಂಗ್ಟನ್ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಲಾರಿಗಳ ದೊಡ್ಡ ಸಾಲನ್ನು ಕಳಿಸಿತು. 62 ದಿನ ಹಿಡೀತು. ಒಂದೂಕಾಲು ಹಾರ್ಸ್‌ಪವರಿನ ವೈಮನ್ ಹದಿನಾರು ವರ್ಷ ಮೊದಲೇ ಅದಕ್ಕಿಂತ ಬೇಗ ದಾಟಿದ್ದ! ಆ ಸಾಲಿನಲ್ಲಿ ಧೂಳು ತಿಂದ ಅಧಿಕಾರಿಗಳಲ್ಲಿ ಒಬ್ಬರು ಡ್ವೈಟ್ ಐಸೆನ್‌ಹೋವರ್. ಅವರ ಹೆಸರು ನೆನಪಿಟ್ಟುಕೊಳ್ಳಿ.

ವೈಮನ್ ಹವ್ಯಾಸಕ್ಕೆ ಹೋದವನಾದರೆ, ಅರ್ವಿನ್ ಬೇಕರ್ ಇದನ್ನೇ ಹೊಟ್ಟೆಪಾಡು ಮಾಡಿಕೊಂಡವನು. 1914ರಲ್ಲಿ ಇಂಡಿಯನ್ ಕಂಪನಿಯ ಬೈಕಿನಲ್ಲಿ (ನಮ್ಮ ಇಂಡಿಯಾ ಅಲ್ಲ, ಅಮೆರಿಕದ ಕಂಪನಿಯ ಹೆಸರೇ ಇಂಡಿಯನ್) ಸ್ಯಾನ್ ಡಿಯೇಗೋದಿಂದ ನ್ಯೂಯಾರ್ಕಿಗೆ 11 ದಿನ, 12 ಗಂಟೆ, 10 ನಿಮಿಷಕ್ಕೆ ಬಂದ. ಹನ್ನೊಂದು ವರ್ಷದಲ್ಲಿ 50 ದಿನ ಹನ್ನೊಂದೂವರೆ ದಿನ ಆಯ್ತು. ಪತ್ರಿಕೆಯವರು ಅವನನ್ನು ಹೆಸರಾಂತ 'ಕ್ಯಾನನ್‌ಬಾಲ್' ರೈಲಿಗೆ ಹೋಲಿಸಿದರು, ಅದೇ ಅವನ ಹೆಸರಾಯ್ತು: ಕ್ಯಾನನ್ ಬಾಲ್ ಬೇಕರ್. ಕಂಪನಿಗಳ ಜೊತೆ ಅವನ ಕರಾರು ಸರಳ: ದಾಖಲೆ ಮುರಿಯದಿದ್ದರೆ ದುಡ್ಡು ಬೇಡ. ಜೀವನದಲ್ಲಿ ನೂರನಲವತ್ತಕ್ಕೂ ಹೆಚ್ಚು ಸಲ ದೇಶ ದಾಟಿದ. 'ಒಂದು ದಿನಕ್ಕೆ ಇಷ್ಟು ಮೈಲಿ' ಅನ್ನೋ ಯೋಚನೆಯನ್ನು ಮಾರಾಟದ ಸರಕು ಮಾಡಿದವನು ಇವನೇ ಅಂತ ನನ್ನ ಲೆಕ್ಕ.

ನನಗೆ ಬೇಕರನಿಗಿಂತ ಹತ್ತಿರ ಅನ್ನಿಸೋದು ಇಬ್ಬರು ಅಕ್ಕತಂಗಿಯರು. ಅಗಸ್ಟಾ ಮತ್ತು ಆಡಲೀನ್ ವ್ಯಾನ್ ಬ್ಯೂರನ್. 1916ರ ಜುಲೈಯಲ್ಲಿ ಬ್ರೂಕ್ಲಿನ್ನಿನಿಂದ ಹೊರಟು, ಒಬ್ಬೊಬ್ಬರಿಗೂ ಒಂದೊಂದು ಇಂಡಿಯನ್ ಬೈಕು, ಸುಮಾರು 5,500 ಮೈಲಿ ಓಡಿಸಿ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ಮುಟ್ಟಿದರು. ಅವರಿಗೆ ಒಂದು ಉದ್ದೇಶ ಇತ್ತು. ಯುದ್ಧಕ್ಕೆ ಅಮೆರಿಕ ಇಳಿಯೋ ಹಾಗೆ ಕಾಣ್ತಿತ್ತು. ಸೈನ್ಯದಲ್ಲಿ ಬೈಕಿನ ಮೇಲೆ ಸಂದೇಶ ಒಯ್ಯೋ ಕೆಲಸವನ್ನು ಹೆಂಗಸರೂ ಮಾಡಬಲ್ಲರು, ಗಂಡಸರು ರಣರಂಗಕ್ಕೆ ಬಿಡುವಾಗ್ತಾರೆ ಅಂತ ತೋರಿಸಬೇಕಿತ್ತು. ಪೈಕ್ಸ್ ಪೀಕ್ ಅನ್ನೋ 14,000 ಅಡಿಗೂ ಎತ್ತರದ ಬೆಟ್ಟವನ್ನು ಬೈಕಿನಲ್ಲೇ ಹತ್ತಿದರು. ಸಾಲ್ಟ್ ಲೇಕ್ ಸಿಟಿಯ ಪಶ್ಚಿಮದ ಮರುಭೂಮಿಯಲ್ಲಿ ದಾರಿ ತಪ್ಪಿ, ನೀರು ಮುಗಿದು, ಅದಿರು ಹುಡುಕುತ್ತಾ ಅಲೆಯುತ್ತಿದ್ದ ಒಬ್ಬ ಸಿಕ್ಕಿದ್ದರಿಂದ ಬದುಕಿದರು. ದಾರಿಯಲ್ಲಿ ಪೊಲೀಸರು ಅವರನ್ನು ಮತ್ತೆ ಮತ್ತೆ ಹಿಡಿದರು. ತಪ್ಪೇನು? ಗಂಡಸರ ಉಡುಪು ಹಾಕಿದ್ದು. ಸೀರೆ ಉಟ್ಟು ಸ್ಕೂಟರ್ ಓಡಿಸಿದ ನಮ್ಮ ಅತ್ತೆ ಚಿಕ್ಕಮ್ಮಂದಿರಿಗೆ ಬಂದ ಮಾತುಗಳು ನನಗೆ ಇಲ್ಲಿ ನೆನಪಾಗ್ತವೆ.

ಬೈಕ್ ಪತ್ರಿಕೆಗಳು ಬೈಕನ್ನು ಹೊಗಳಿದವು, ಓಡಿಸಿದವರನ್ನು ಅಷ್ಟಾಗಿ ಅಲ್ಲ. ಆಡಲೀನ್ ಸೈನ್ಯಕ್ಕೆ ಅರ್ಜಿ ಹಾಕಿದಳು, ತಿರಸ್ಕರಿಸಿದರು. ಆಮೇಲೆ ಅವಳು ಕಾನೂನು ಓದಿದಳು, ಅಗಸ್ಟಾ ವಿಮಾನ ಹಾರಿಸೋದು ಕಲಿತಳು. ಸಾಕ್ಷಿ ಇದ್ದರೂ, ರಸೀದಿ ಇದ್ದರೂ, ನಂಬೋಕೆ ಮನಸ್ಸಿಲ್ಲದವರನ್ನು ನಂಬಿಸೋಕೆ ಆಗಲ್ಲ ಅಂತ ಇವರ ಕತೆ ಓದುವಾಗ ಅನ್ನಿಸಿತು. ಅನ್ನಿಸಿದ ಕೂಡಲೇ ಆ ಪೆನ್ಸಿಲ್ ಹಾಳೆಯ ನೆನಪೂ ಬಂತು.

ಇಪ್ಪತ್ತನಾಲ್ಕು ಗಂಟೆ ಅನ್ನೋ ಅಳತೆ ಎಲ್ಲಿಂದ ಬಂತು? ಬೀದಿಯಿಂದಲ್ಲ, ಮುಚ್ಚಿದ ಹಾದಿಗಳಿಂದ. 1922ರಲ್ಲಿ ಪ್ಯಾರಿಸ್ ಹತ್ತಿರ 'ಬೋಲ್ ದೋರ್' ಅನ್ನೋ ಪಂದ್ಯ ಶುರುವಾಯ್ತು. ಒಂದು ಬೈಕು, ಒಬ್ಬನೇ ಸವಾರ, ಇಪ್ಪತ್ತನಾಲ್ಕು ಗಂಟೆ. ಮೊದಲ ವರ್ಷ ಗೆದ್ದ ಜಿಂಡ್ ಸುಮಾರು 1,245 ಕಿಲೋಮೀಟರ್ ಓಡಿಸಿದ್ದ. ಅದೇ ವರ್ಷ ಅಮೆರಿಕದ ಟಕೋಮಾದಲ್ಲಿ ಹಲಗೆ ಹಾಸಿದ ಓಟದ ಹಾದಿಯ ಮೇಲೆ ವೆಲ್ಸ್ ಬೆನೆಟ್ ಇಪ್ಪತ್ತನಾಲ್ಕು ಗಂಟೆಯಲ್ಲಿ 1,562 ಮೈಲಿ ಸುತ್ತಿದ. 1937ರ ಏಪ್ರಿಲ್ಲಿನಲ್ಲಿ ಪ್ಯಾಸಡೀನಾದ ಪೊಲೀಸ್ ಫ್ರೆಡ್ ಹ್ಯಾಮ್, ಕ್ಯಾಲಿಫೋರ್ನಿಯಾದ ಮುರಾಕ್ ಅನ್ನುವ ಒಣಕೆರೆಯ ಮೇಲೆ ಗುಂಡಗೆ ಗುರುತು ಹಾಕಿಕೊಂಡು, ಹಾರ್ಲಿ ಬೈಕಿನಲ್ಲಿ ಒಬ್ಬನೇ 1,825 ಮೈಲಿ ಓಡಿಸಿದ. ಸರಾಸರಿ ಗಂಟೆಗೆ 76 ಮೈಲಿ. ಒಂದು ದಿನ, ಒಂದು ರಾತ್ರಿ, ಒಂದೇ ವೃತ್ತ. ನೋಡೋಕೆ ಏನೂ ಇಲ್ಲ, ಹೋಗೋಕೆ ಊರಿಲ್ಲ. ಓದಿದರೇ ನನಗೆ ತಲೆ ಸುತ್ತುತ್ತೆ.

ಆದರೆ ಇವರೆಲ್ಲ ಪಳಗಿದವರು. ನನ್ನಂಥ ಸೊಂಟ ನೋವಿನ ಸಾಫ್ಟ್‌ವೇರ್ ಮನುಷ್ಯನಿಗೆ ಸಾವಿರ ಮೈಲಿ ಸಾಧ್ಯ ಮಾಡಿಕೊಟ್ಟದ್ದು ಯಾವ ಬೈಕೂ ಅಲ್ಲ, ರಸ್ತೆ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ ಐಸೆನ್‌ಹೋವರ್, ಅವರು ಅಧ್ಯಕ್ಷರಾಗಿ 1956ರ ಜೂನ್ 29ಕ್ಕೆ ಹೆದ್ದಾರಿ ಕಾಯಿದೆಗೆ ಸಹಿ ಹಾಕಿದರು. ಇಂಟರ್‌ಸ್ಟೇಟ್ ಹುಟ್ಟಿದ್ದು ಹಾಗೆ. ಸಿಗ್ನಲ್ ಇಲ್ಲ, ಎದುರಿಂದ ಬರೋ ಲಾರಿ ಇಲ್ಲ, ಎಮ್ಮೆ ಅಡ್ಡ ಬರಲ್ಲ. 1984ರಲ್ಲಿ ಮೊದಲ ಐರನ್ ಬಟ್ ರ‍್ಯಾಲಿಗೆ ಪೆನ್ಸಿಲ್ವೇನಿಯಾದಿಂದ ಹೊರಟದ್ದು ಹತ್ತೇ ಜನ. ಇವತ್ತು ಎರಡು ವರ್ಷಕ್ಕೊಮ್ಮೆ ನಡೆಯೋ ಅದೇ ರ‍್ಯಾಲಿಯಲ್ಲಿ ಹನ್ನೊಂದು ದಿನಕ್ಕೆ 11,000 ಮೈಲಿ ಅನ್ನೋದು ಮಾಮೂಲಿ ಮಾತು.

ನಮ್ಮ ಕಡೆ ಏನಿತ್ತು? ಚೆಕ್ ದೇಶದ ಜಾವಾ ಕಂಪನಿಯ ಪರವಾನಗಿಯಲ್ಲಿ ಇರಾನಿ ಕುಟುಂಬದವರು ಮೈಸೂರಿನಲ್ಲಿ 'ಐಡಿಯಲ್ ಜಾವಾ' ಕಟ್ಟಿದರು. 1961ರಲ್ಲಿ ಕಾರ್ಖಾನೆ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 250 ಸಿಸಿ, ಟೂ ಸ್ಟ್ರೋಕ್. ಕಿಕ್ ಹೊಡೆಯೋ ಕಡ್ಡಿಯೇ ಮಡಚಿದರೆ ಗೇರ್ ಆಗುತ್ತೆ. ಕೀಲಿ ಅಂದರೆ ಒಂದು ಮೊಳೆಯ ಥರ, ಕೀಲಿ ಕಳೆದವರು ಮೊಳೆಯಲ್ಲೇ ಶುರು ಮಾಡ್ತಿದ್ದರು ಅಂತ ಮೈಸೂರಿನಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ದೀಪ ಆರು ವೋಲ್ಟಿನದು. ರಾತ್ರಿ ಹೊತ್ತು ಅದು ರಸ್ತೆಗೆ ಬೆಳಕು ಕೊಡೋದಕ್ಕಿಂತ ಹೆಚ್ಚಾಗಿ, ಇಲ್ಲೊಂದು ಬೈಕ್ ಇದೆ ಅಂತ ಎದುರಿನವರಿಗೆ ತಿಳಿಸ್ತಿತ್ತು. 1973ರಿಂದ ಅದೇ ಗಾಡಿಗಳಿಗೆ ಯೆಜ್ಡಿ ಅಂತ ಹೆಸರಾಯ್ತು. 1996ಕ್ಕೆ ಕಾರ್ಖಾನೆ ಮುಚ್ಚಿತು.

ಈಗಿನ ಹುಡುಗರು ಬೆಂಗಳೂರಿಂದ ಪುಣೆಗೆ ಹೋಗಿ ಅದೇ ದಿನ ವಾಪಸ್ ಬಂದು ಸ್ಯಾಡಲ್‌ಸೋರ್ ಮುಗಿಸ್ತಾರೆ. ಸುವರ್ಣ ಚತುಷ್ಪಥ ಬಂದ ಮೇಲೆ ಅದು ನಾಲ್ಕು ಆರು ಪಥದ ರಸ್ತೆ. 1971ರಲ್ಲಿ? ಎರಡು ಲಾರಿ ಎದುರಾದರೆ ಬೈಕಿನವನು ಮಣ್ಣಿಗಿಳಿಯಬೇಕು. ಖಂಬಾಟ್ಕಿ ಘಾಟಿ, ಕಾತ್ರಜ್ ಘಾಟಿ, ಖಂಡಾಲ ಘಾಟಿ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆಯಿಲ್ ಬೆರೆಸಬೇಕು. ನೂರಿನ್ನೂರು ಮೈಲಿಗೆ ಪ್ಲಗ್ ಕಪ್ಪು ಕಟ್ಟಿದರೆ ಬಿಚ್ಚಿ ಉಜ್ಜಬೇಕು.

ಸರಿ, ನಮ್ಮ ಕತೆ. ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಗಿನ ಜಾವ ನಾಲ್ಕಕ್ಕೆ ಸ್ಯಾನ್ ಆಂಟೋನಿಯೋದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಮೊದಲ ರಸೀದಿ. ನಾನು, ಒಬ್ಬ ಧಾರವಾಡದವ, ಒಬ್ಬ ತುಮಕೂರಿನವ, ಒಬ್ಬಳು ಮಂಗಳೂರಿನವಳು. ಹೆಸರು ಬೇಡ ಅಂದಿದ್ದಾರೆ, ಊರು ಸಾಕು. ಐ-10 ಹಿಡಿದು ಪಶ್ಚಿಮಕ್ಕೆ 550 ಮೈಲಿ ಹೋದರೆ ಎಲ್ ಪಾಸೊ. ಹೋಗಿ ಬಂದರೆ 1,100. ಲೆಕ್ಕ ಸುಲಭ.

ಹೋಗೋ ದಾರಿ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಚಳಿ, ಆಮೇಲೆ ಬಿಸಿಲು. ಜಂಕ್ಷನ್, ಸೊನೋರಾ, ಓಜೋನಾ, ಫೋರ್ಟ್ ಸ್ಟಾಕ್ಟನ್. ಮಂಗಳೂರಿನವಳು ಕಟ್ಟಿಕೊಂಡು ಬಂದಿದ್ದ ನೀರುದೋಸೆ ಚಟ್ನಿ ಫೋರ್ಟ್ ಸ್ಟಾಕ್ಟನ್ನಿಗೇ ಮುಗೀತು. ವ್ಯಾನ್ ಹಾರ್ನ್ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಟೆಕ್ಸಸ್ಸಿನ ಆ ತುದಿ ಬೇರೆ ಕಾಲವಲಯ. ಎಲ್ ಪಾಸೊದ ರಸೀದಿಯಲ್ಲಿ ಮಧ್ಯಾಹ್ನ 12 ಅಂತ ಬಂತು, ನಮ್ಮ ಹೊಟ್ಟೆಯಲ್ಲಿ 1 ಗಂಟೆ. ತುಮಕೂರಿನವ "ಒಂದು ಗಂಟೆ ಲಾಭ ಆಯ್ತು" ಅಂದ. ವಾಪಸ್ ಹೋಗುವಾಗ ಕೊಡಬೇಕಲ್ಲ ಅಂದೆ.

ಅವನೇ ಕೊಟ್ಟ. ವ್ಯಾನ್ ಹಾರ್ನಿನಲ್ಲಿ ಅವನ ಹಿಂದಿನ ಟೈರಿಗೆ ಮೊಳೆ. ನಮ್ಮ ಹತ್ತಿರ ಇದ್ದ ಪಂಕ್ಚರ್ ಕಿಟ್ಟು ನಿಲ್ಲಲಿಲ್ಲ. ಸಣ್ಣ ಊರು, ಶನಿವಾರ ಸಂಜೆ. ಟೈರು ತಂದು ಹಾಕಿಸೋ ಹೊತ್ತಿಗೆ ಐದು ಗಂಟೆ ಹೋಯ್ತು. ರಾತ್ರಿ ಒಂಬತ್ತು. ಓಡಿಸಿದ್ದು 670 ಮೈಲಿ. ಸ್ಯಾನ್ ಆಂಟೋನಿಯೋ ತನಕ ಹೋಗೋದು ಬೇಡ, ಕೆರ್‌ವಿಲ್ ತನಕ ಹೋದರೆ ಸಾವಿರ ದಾಟುತ್ತೆ, ಅಲ್ಲಿ ಕೊನೆ ರಸೀದಿ ತಗೊಳ್ಳೋಣ ಅಂತ ಲೆಕ್ಕ ಬದಲಾಯಿಸಿದ್ವಿ. ಬೆಳಿಗ್ಗೆ ನಾಲ್ಕರೊಳಗೆ 365 ಮೈಲಿ. ಆಗುತ್ತೆ. ಮುಕ್ಕಾಲು ಗಂಟೆ ಮಿಗುತ್ತೆ.

ಈ ಸಂಘದವರ ಸಲಹೆಗಳಲ್ಲಿ ಒಂದಿದೆ: ಜೋರಾಗಿ ಓಡಿಸಿದರೆ ಬೇಗ ಸುಸ್ತಾಗ್ತೀರಿ, ನಿಧಾನಕ್ಕೆ ಹೋಗಿ, ಕಡಿಮೆ ನಿಲ್ಲಿ. ಐದು ಗಂಟೆ ಪಂಕ್ಚರ್ ಅಂಗಡಿ ಮುಂದೆ ಸಿಮೆಂಟು ಕಟ್ಟೆ ಮೇಲೆ ಕೂತು ಬಂದವರಿಗೆ ಏನು ಮಾಡಬೇಕು ಅಂತ ಬರೆದಿಲ್ಲ.

ಫೋರ್ಟ್ ಸ್ಟಾಕ್ಟನ್ ದಾಟಿದ ಮೇಲೆ ರಸ್ತೆಯಲ್ಲಿ ನಾವೇ. ನನ್ನ ಮುಂದೆ ಧಾರವಾಡದವನ ಕೆಂಪು ದೀಪ. ಅದು ನಿಧಾನಕ್ಕೆ ಬಲಕ್ಕೆ ಸರೀತು. ಹಾದಿಯ ಅಂಚಿನಲ್ಲಿ, ನಿದ್ದೆ ಹೋದವರನ್ನ ಎಬ್ಬಿಸೋಕೆ ಅಂತಲೇ ಕೊರೆದ ಗೀರುಗಳಿರುತ್ತವಲ್ಲ, ಅದರ ಮೇಲೆ ಹತ್ತಿತು. ಗರ್ರ್ ಅನ್ನೋ ಸದ್ದು ಹೆಲ್ಮೆಟ್ ಒಳಗಿದ್ದ ನನಗೇ ಕೇಳಿಸ್ತು. ದೀಪ ಝಗ್ಗನೆ ಒಳಕ್ಕೆ ಬಂತು. ಮತ್ತೆ ಹತ್ತು ನಿಮಿಷಕ್ಕೆ ಅದೇ. ನಾನು ಹಾರ್ನ್ ಹೊಡೀತಾ, ಲೈಟ್ ಮಿಣುಕಿಸ್ತಾ ಓಜೋನಾ ತನಕ ಬಂದೆ. ಆ ಅರ್ಧ ಗಂಟೆ ನನ್ನ ಜೀವನದಲ್ಲೇ ಉದ್ದವಾದದ್ದು.

ಓಜೋನಾದ ಬಂಕಿನಲ್ಲಿ ಹೆಲ್ಮೆಟ್ ತೆಗೆದ. ಮುಖ ಬೂದಿ ಬಣ್ಣ.

"ಹಿಂದಿನ ಇಪ್ಪತ್ತ ಮೈಲಿ ನನಗ ನೆನಪs ಇಲ್ಲಲೇ," ಅಂದ. "ನೀವು ಹೋಗ್ರಿ. ನಾ ಇಲ್ಲೇ ಮಲಗಿ ಮುಂಜಾನೆ ಬರ್ತೇನಿ."

ರಾತ್ರಿ 12:45. ಕೆರ್‌ವಿಲ್ಲಿಗೆ 145 ಮೈಲಿ. ಮುಂದೆ ಜಂಕ್ಷನ್ ಸುತ್ತಮುತ್ತ ರಾತ್ರಿ ಜಿಂಕೆ ರಸ್ತೆಗೆ ಬರ್ತವೆ, ಎಚ್ಚರ ಇದ್ದವನಿಗೇ ಕಷ್ಟ. ಯಾರೂ ಮಾತಾಡಲಿಲ್ಲ. ನಿಜ ಹೇಳ್ತೀನಿ, ನನ್ನ ಮನಸ್ಸು ಮೊದಲು ಮಾಡಿದ್ದು ಭಾಗಾಕಾರ: 145 ಮೈಲಿ, ಮೂರೂಕಾಲು ಗಂಟೆ. ಅವನ ಮುಖ ನೋಡಿದ್ದು ಆಮೇಲೆ. ಎಂಟು ತಿಂಗಳಿಂದ ಈ ಒಂದು ಕಾಗದಕ್ಕೆ ತಯಾರಾಗಿದ್ದೆ. ಆ ಕಾಗದ ಮಾವನ ಮುಂದೆ ಹಿಡಿದು, ನೋಡಿ ಒಂದು ದಿನ ಅಂದರೆ ಹೀಗೆ, ಅನ್ನಬೇಕು ಅಂತ ಎಲ್ಲೋ ಒಳಗೆ ಇತ್ತು ಅಂತ ಕಾಣುತ್ತೆ.

ಮಂಗಳೂರಿನವಳು ಅಂದಳು, "ಒಬ್ಬರು ನಿಲ್ಲಬೇಕು. ಒಬ್ಬನೇ ಬೇಡ." ನಾನು ನಿಂತೆ. ಇದನ್ನ ತ್ಯಾಗ ಅಂದುಕೊಳ್ಳಬೇಡಿ. ನನಗೂ ಕಣ್ಣು ಎಳೀತಿತ್ತು, ಹೇಳೋಕೆ ನಾಚಿಕೆ ಇತ್ತು, ಅವನು ಹೇಳಿದ್ದರಿಂದ ನಾನು ಬಚಾವಾದೆ. ಅವರಿಬ್ಬರೂ ಹೋದರು. ಮೂರೂ ಐವತ್ತೊಂದಕ್ಕೆ, ಅಂದರೆ ಒಂಬತ್ತು ನಿಮಿಷ ಇರುವಾಗ, ಕೆರ್‌ವಿಲ್ಲಿನಲ್ಲಿ ರಸೀದಿ ತಗೊಂಡರು. ಅವರ ಸರ್ಟಿಫಿಕೇಟ್ ಬಂದಿದೆ, ಚೆನ್ನಾಗಿದೆ.

ಧಾರವಾಡದವ ಬಂಕಿನ ಪಕ್ಕದ ಬೆಂಚಿನ ಮೇಲೆ ಜಾಕೆಟ್ ಸಮೇತ ಬಿದ್ದುಕೊಂಡ. ಎರಡು ನಿಮಿಷಕ್ಕೆ ಗೊರಕೆ. ನನಗೆ ನಿದ್ದೆ ಬರಲಿಲ್ಲ, ನೋಡಿ ಹೇಗಿರುತ್ತೆ. ಫೋನ್ ತೆಗೆದೆ. ಇಲ್ಲಿ ರಾತ್ರಿ ಒಂದು, ಮೈಸೂರಿನಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಮಾವ ಎರಡನೇ ಕಾಫಿ ಮುಗಿಸಿ ಪೇಪರ್ ಹಿಡಿದು ಕೂತಿರೋ ಹೊತ್ತು.

"ಮಾವ, ಬೆಂಗಳೂರಿಗೆ ಯಾಕೆ ಹೋಗ್ಬೇಕು ಅಂದಿದ್ರಲ್ಲ. ಯಾವ ದಾರೀಲಿ ಹೋದ್ರಿ?"

ಅವರಿಗೆ ಯಾವ ವಿಷಯ ಅಂತ ಕೇಳಬೇಕಾಗಲಿಲ್ಲ. ಇಪ್ಪತ್ತು ವರ್ಷ ಆಗಿತ್ತು. "ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಬಿ. ಕ್ರಾಸು, ಚಿಕ್ಕನಾಯಕನಹಳ್ಳಿ, ಹುಳಿಯಾರು. ಹಿರಿಯೂರಿಗೆ ಹೋಗಿ ಬೊಂಬಾಯಿ ರಸ್ತೆ ಸೇರ್ಕೊಂಡ್ವಿ ಕಣೋ."

ಅಲ್ಲೇ ಫೋನಿನಲ್ಲಿ ಮ್ಯಾಪ್ ತೆಗೆದು ನೋಡಿದೆ. ಬೆಂಗಳೂರಿಗೆ ಹೋಗದೆ ಹಾಗೆ ಹೋದರೆ ಎಂಬತ್ತು ತೊಂಬತ್ತು ಕಿಲೋಮೀಟರ್ ಉಳಿಯುತ್ತೆ. ಒಟ್ಟು ಸಾವಿರದ ಐವತ್ತರ ಆಸುಪಾಸು. ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ ನಲವತ್ತನಾಲ್ಕು. 1922ರಲ್ಲಿ ಜಿಂಡ್ ಓಡಿಸಿದ್ದು ಗಂಟೆಗೆ ಐವತ್ತೆರಡು. ಕತೆ ಕಟ್ಟುವವನು ಬೆಂಗಳೂರು ಅಂತ ಹೇಳ್ತಾನೆ. ಹುಳಿಯಾರು ಅಂತ ಹೇಳೋದು ಹೋದವನು ಮಾತ್ರ.

"ಎಷ್ಟೊತ್ತಿಗೆ ಹೊರಟ್ರಿ? ಎಷ್ಟೊತ್ತಿಗೆ ಸೇರಿದ್ರಿ?"

"ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಬಿಟ್ವಿ. ಮಾಟುಂಗದಲ್ಲಿ ಗಾಡಿ ನಿಲ್ಲಿಸ್ದಾಗ ಇನ್ನೂ ಕತ್ತಲು. ಸೂರ್ಯ ಹುಟ್ಟಿರ್ಲಿಲ್ಲ. ನಮ್ಮ ಪಂಚಾಂಗದ ಪ್ರಕಾರ ಅದೇ ದಿನ ತಾನೆ?" ಅಂತ ನಕ್ಕರು. ನಾನೂ ನಕ್ಕೆ. ಪಂಚಾಂಗಕ್ಕೆ ದಿನ ಅಂದರೆ ಸೂರ್ಯೋದಯದಿಂದ ಸೂರ್ಯೋದಯ, ಐರನ್ ಬಟ್ಟಿನವರಿಗೆ ಮೊದಲ ರಸೀದಿಯಿಂದ ಇಪ್ಪತ್ತನಾಲ್ಕು ಗಂಟೆ. ಎರಡರ ಪ್ರಕಾರವೂ ಅವರು ಪಾಸು.

ಆಮೇಲೆ ಅವರು ಕೇಳಿದರು, ನೀನೇನು ಇಷ್ಟೊತ್ತಿನಲ್ಲಿ, ಅಲ್ಲಿ ರಾತ್ರಿ ಅಲ್ಲವಾ? ಹೇಳಿದೆ. ಬೆಂಚಿನ ಮೇಲೆ ಮಲಗಿದವನ ಬಗ್ಗೆಯೂ ಹೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದಿಲ್ಲ.

"ನಾವು ಮೂರು ಜನ ಹೊರಟಿದ್ವಿ," ಅಂದರು.

ಕತೆಯಲ್ಲಿ ಯಾವತ್ತೂ 'ಗೆಳೆಯರು' ಅಂತಿತ್ತೇ ಹೊರತು ಎಷ್ಟು ಜನ ಅಂತ ನಾನು ಕೇಳಿರಲಿಲ್ಲ.

"ಸತಾರಾದಲ್ಲಿ ರಾತ್ರಿ ಹತ್ತೂವರೆ. ಒಬ್ಬ ಆಗಲ್ಲ ಅಂದ. ಕಣ್ಣು ಬಿಡೋಕೇ ಆಗ್ತಿರ್ಲಿಲ್ಲ ಅವನಿಗೆ. ಬಂಕಿನವನ ಹಗ್ಗದ ಮಂಚ ಇತ್ತು. ಮಲ್ಕೋ, ನಾಳೆ ವಾಪಸ್ ಬರ‍್ತಾ ಕರ್ಕೊಂಡು ಹೋಗ್ತೀವಿ ಅಂದ್ಬಿಟ್ಟು ನಾವಿಬ್ರು ಹೊರಟ್ವಿ. ಅವನ ಹತ್ರ ದುಡ್ಡಿದೆಯಾ ಅಂತಲೂ ಕೇಳ್ಲಿಲ್ಲ. ಗಡಿಯಾರ ನೋಡ್ತಾ ಇದ್ವಲ್ಲ."

"ಏನಾಯ್ತು ಅವರಿಗೆ?"

"ಏನೂ ಆಗ್ಲಿಲ್ಲ. ಮೂರನೇ ದಿನ ನಾವು ಸತಾರಾಕ್ಕೆ ಬಂದಾಗ ಅವನು ಅಲ್ಲಿರ್ಲಿಲ್ಲ. ಒಬ್ನೇ ಮೈಸೂರಿಗೆ ಹೊರಟು ಹೋಗಿದ್ದ. ಕಾರ್ಖಾನೇಲಿ ನನ್ನ ಪಕ್ಕದ ಬೆಂಚೇ ಅವನದು. ತೊಂಬತ್ತಾರರಲ್ಲಿ ಬೀಗ ಹಾಕೋ ತನಕ, ಇಪ್ಪತ್ತೈದು ವರ್ಷ. ಸ್ಪ್ಯಾನರ್ ಕೊಡು, ನಟ್ಟು ಕೊಡು, ಅಷ್ಟೇ ಮಾತು."

ಅವನು ಎದ್ದ ಮೇಲೆ ಏನಾದರೂ ತಿನ್ನಿಸು, ಬರೀ ಹೊಟ್ಟೇಲಿ ಗಾಡಿ ಹತ್ತಿಸಬೇಡ, ಅಂದು ಮಾವ ಫೋನ್ ಇಟ್ಟರು.

ಬೆಳಿಗ್ಗೆ ಆರೂವರೆಗೆ ಧಾರವಾಡದವ ಎದ್ದು ಕೂತು, ಅವರಿಬ್ಬರು ಮುಟ್ಟಿದರಾ ಅಂತ ಕೇಳಿದ. ಮುಟ್ಟಿದರು ಅಂದೆ. ಎದುರಿನ ಅಂಗಡಿಯಲ್ಲಿ ಮೊಟ್ಟೆ ಆಲೂಗೆಡ್ಡೆಯ ಟಾಕೊ ಬಿಸಿಬಿಸಿ ಸಿಕ್ಕಿತು. ಅವನು ನಾಲ್ಕು ತಿಂದ, ನಾನು ಮೂರು. ಆಮೇಲೆ ನಿಧಾನವಾಗಿ, ಪಕ್ಕಪಕ್ಕದಲ್ಲೇ, ಸ್ಯಾನ್ ಆಂಟೋನಿಯೋ ಕಡೆ ಹೊರಟೆವು.